ಮೊಸರನ್ನ ಬೇಡ ಅಂದ ಮೊಮ್ಮಗಳು

ಮಕ್ಕಳೇ, ನವೆಂಬರ್ 1 ಯಾವ ದಿನ ಅಂತ ಕೇಳಿದರೆ ನೀವೆಲ್ಲ ಒಟ್ಟಿಗೇ 'ಕನ್ನಡ ರಾಜ್ಯೋತ್ಸವ' ಅಂತೀರಿ. ನಾನೂ ಇಷ್ಟು ವರ್ಷ ಅಷ್ಟೇ ಅಂದುಕೊಂಡಿದ್ದೆ. ಹೋದ ವರ್ಷ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಬಾವುಟ ಹಾರಿಸಿ ಸಿಹಿ ಹಂಚಿ ಮನೆಗೆ ಬಂದೆವು. ಒಂಬತ್ತನೇ ತರಗತಿಯಲ್ಲಿರುವ ನಮ್ಮ ಮೊಮ್ಮಗಳು ಪುಟ್ಟಿ ತನ್ನ ಪಾಲಿನ ಮೈಸೂರು ಪಾಕನ್ನು ನನ್ನ ಕೈಗಿಟ್ಟಳು.

"ತಾತ, ಇವತ್ತು ವಿಶ್ವ ವೀಗನ್ ದಿನಾನೂ ಹೌದು. ಇನ್ಮೇಲೆ ನಾನು ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ತಿನ್ನಲ್ಲ."

ವೀಗನ್ ಅಂದರೆ ಪ್ರಾಣಿಗಳಿಂದ ಬಂದದ್ದನ್ನು ಏನನ್ನೂ ತಿನ್ನದವರು. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಜೇನುತುಪ್ಪ ಕೂಡ ಇಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬುವರು ಗೆಳೆಯರ ಜೊತೆ ಸೇರಿ ವೀಗನ್ ಸಂಘ ಕಟ್ಟಿದರು. ಅದಕ್ಕೆ 50 ವರ್ಷ ತುಂಬಿದ ನೆನಪಿಗೆ 1994ರಿಂದ ನವೆಂಬರ್ 1ರಂದು ಈ ದಿನದ ಆಚರಣೆ. ಇದೆಲ್ಲ ಪುಟ್ಟಿಯೇ ಹೇಳಿದ್ದು.

ನಮ್ಮದು ಮೊದಲಿನಿಂದ ಸಸ್ಯಾಹಾರದ ಮನೆ. ಆದರೆ ಹಾಲು, ಮೊಸರು ಇಲ್ಲದ ಒಂದು ಹೊತ್ತೂ ನಮ್ಮಲ್ಲಿ ಇಲ್ಲ. ಬೆಳಗ್ಗೆ ಐದೂವರೆಗೆ ಹಾಲಿನ ಬೂತಿನಿಂದ ನಂದಿನಿ ಪೊಟ್ಟಣ ತರುವುದರಿಂದಲೇ ನನ್ನ ದಿನ ಶುರು. ಮುಗಿಯುವುದು ಮೊಸರನ್ನದಿಂದ. ಪುಟ್ಟಿ ಮೂರು ವರ್ಷದವಳಾಗಿದ್ದಾಗಿನಿಂದ ರಾತ್ರಿಯ ಕೊನೆಯ ತುತ್ತು ಅಜ್ಜಿಯ ಕೈತುತ್ತು.

ಆ ರಾತ್ರಿ ಅಜ್ಜಿ ತುತ್ತು ಕಲಸಿ ಕೈ ಮುಂದೆ ಮಾಡಿದಳು. "ಬೇಡ ಅಜ್ಜಿ" ಅಂದಳು ಪುಟ್ಟಿ.

"ಯಾಕೆ, ನನ್ನ ಕೈ ಊಟ ಬೇಡವಾಯ್ತಾ?"

"ಹಾಗಲ್ಲ ಅಜ್ಜಿ. ಗೋವಿನ ಹಾಡು ಹೇಳಿಕೊಟ್ಟಿದ್ದು ನೀನೇ ಅಲ್ವಾ? ಪುಣ್ಯಕೋಟಿ ಹುಲಿ ಹತ್ತಿರ ಅಷ್ಟು ಬೇಡಿಕೊಂಡಿದ್ದು ಯಾಕೆ? ಕರುಗೆ ಹಾಲು ಕೊಟ್ಟು ಬರೋಕೆ ತಾನೆ? ಹಾಲು ಯಾರದ್ದು ಅಂತ ಅದರಲ್ಲೇ ಇದೆಯಲ್ಲ."

ಅಜ್ಜಿ ಮಾತಾಡಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡಳು. ಮಾರನೆಯ ದಿನದಿಂದ ಪುಟ್ಟಿಯ ತಟ್ಟೆಗೆ ಬಡಿಸುವಳು, ಪಕ್ಕದಲ್ಲಿ ಕೂರುವುದಿಲ್ಲ. ಹಾಗೇ ಮೂರು ವಾರ ಕಳೆಯಿತು.

ನಾನು ವಾದಕ್ಕೆ ಇಳಿದೆ. ಎಂಬತ್ತರ ದಶಕದಲ್ಲಿ ನಾನು ಮಾಗಡಿ ಕಡೆಯ ಒಂದು ಹಳ್ಳಿ ಶಾಖೆಯಲ್ಲಿ ಗುಮಾಸ್ತ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ 1980ರಲ್ಲಿ ದೇಶಕ್ಕೆಲ್ಲ ಹರಡಿತ್ತು. ನಮ್ಮ ಶಾಖೆಯಲ್ಲಿ ದಿನವೂ ಹಸು ಸಾಲದ ಅರ್ಜಿಗಳೇ. ಹೆಂಗಸರು ಡೇರಿಗೆ ಹಾಲು ಹಾಕಿ, ಸೆರಗಿನ ಗಂಟು ಬಿಚ್ಚಿ ಕಂತು ಕಟ್ಟುತ್ತಿದ್ದರು. ಆ ದುಡ್ಡಿನಲ್ಲಿ ಎಷ್ಟೋ ಮಕ್ಕಳು ಓದಿದರು. "ಎಲ್ಲರೂ ಹಾಲು ಬೇಡ ಅಂದರೆ ಅವರ ಗತಿ ಏನಮ್ಮ?" ಅಂತ ಕೇಳಿದೆ.

ಪುಟ್ಟಿ ಪೂರ್ತಿ ಕೇಳಿಸಿಕೊಂಡಳು. "ನೀವು ಹೇಳೋದು ನಿಜ ತಾತ. ಅವರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಆ ಹಸುಗಳ ಗಂಡು ಕರುಗಳು ಏನಾದವು?"

ನನಗೆ ಆ ಅರ್ಜಿ ಕಣ್ಣಿಗೆ ಬಂತು. ಹಸುವಿನ ಬಣ್ಣ, ವಯಸ್ಸು, ಕೊಂಬು, ವಿಮೆಯ ಕಿವಿಯೋಲೆ ನಂಬರು, ಎಲ್ಲ ನಾನೇ ಬರೆದಿದ್ದೇನೆ. ಕರುವಿನ ವಿಷಯ ಬರೆದ ನೆನಪಿಲ್ಲ. ಸೀಮೆಹಸುವಿನ ಹೋರಿಗರುವಿಗೆ ಹಿಣಿಲು ಇರುವುದಿಲ್ಲ, ನೊಗಕ್ಕೆ ಹೊಂದುವುದಿಲ್ಲ ಅಂತ ರೈತರು ಹೇಳುತ್ತಿದ್ದರು. ಮುಂದಿನ ಸಲ ಹೋದಾಗ ಆ ಕರು ಕೊಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಎಲ್ಲಿ ಹೋಯಿತು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ವಾದ ಅಲ್ಲಿಗೆ ನಿಂತಿತು. ಆದರೆ ಬೆಳೆಯುವ ಹುಡುಗಿಯ ಆರೋಗ್ಯದ ಲೆಕ್ಕ ಬಿಡುವ ಹಾಗಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಗೆರೆ ಹಾಕಿದೆ. ಹಾಲು ಕೊಡುತ್ತಿದ್ದದ್ದು ಏನು, ಇನ್ನು ಅದು ಎಲ್ಲಿಂದ ಬರಬೇಕು.

ಸುಣ್ಣದಂಶ: 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 350. (ಇದು ಹಿಟ್ಟಿನ ಲೆಕ್ಕ, ಮುದ್ದೆಗೆ ನೀರು ಸೇರುತ್ತದೆ.) ಎಳ್ಳು, ಸೊಪ್ಪುಗಳಲ್ಲೂ ಉಂಟು. ಪ್ರೋಟೀನು: ಬೇಳೆ, ಅವರೆಕಾಳು, ಹುರುಳಿ, ಕಡಲೆಕಾಯಿ, ಸೋಯಾ. ಬಿ12 ಜೀವಸತ್ವ: ಆ ಸಾಲು ಖಾಲಿ.

ನೋಟ್‌ಬುಕ್ ಹಿಡಿದುಕೊಂಡು ಮೂವರೂ ಡಾಕ್ಟರ ಹತ್ತಿರ ಹೋದೆವು. ಬಿ12 ಅನ್ನು ತಯಾರಿಸುವುದು ಸೂಕ್ಷ್ಮಾಣುಗಳು, ಅದು ನಮಗೆ ಸಿಗುವುದು ಮುಖ್ಯವಾಗಿ ಪ್ರಾಣಿಜನ್ಯ ಆಹಾರದಿಂದ, ಸೊಪ್ಪು ಕಾಳುಗಳನ್ನು ನಂಬಿಕೊಂಡರೆ ಸಾಲದು ಅಂತ ಅವರು ವಿವರಿಸಿದರು. ಕಡಿಮೆಯಾದರೆ ರಕ್ತಹೀನತೆ, ಸುಸ್ತು, ಕೈಕಾಲು ಜೋಮು, ಮರೆವು. ಹಾಲು ಬಿಟ್ಟವರು ಮಾತ್ರೆ ಬಿಡುವ ಹಾಗಿಲ್ಲ. ಯಾಕಿರಲಿ ಅಂತ ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ವರದಿ ಬಂದಾಗ ಪುಟ್ಟಿಗಿಂತ ನನ್ನದೇ ಕಡಿಮೆ! ವಯಸ್ಸಾದ ಮೇಲೆ ಹೊಟ್ಟೆ ಬಿ12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಿಗೂ ಹೀಗಾಗುತ್ತದಂತೆ. ಅಜ್ಜಿ-ತಾತಂದಿರೇ, ಕಾಲು ಜೋಮು ಹಿಡಿದರೆ 'ವಯಸ್ಸಾಯ್ತು ಬಿಡು' ಅಂತ ಸುಮ್ಮನಿರಬೇಡಿ, ನೀವೂ ಡಾಕ್ಟರನ್ನು ಕೇಳಿ.

ಮನೆಯಾಕೆ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. "ಎರಡು ಹೊತ್ತು ಕಾಫಿ, ಎರಡು ಹೊತ್ತು ಮೊಸರು ತಿನ್ನೋ ನಿಮಗೇ ಇಲ್ವಂತಲ್ಲರೀ!" ಮನೆಗೆ ಬಂದು ನನ್ನ ನೋಟ್‌ಬುಕ್ ಕಸಿದುಕೊಂಡಳು. "ಇದೇನು, ಬರೀ ಮಿಲಿಗ್ರಾಂ ಬರೆದಿದ್ದೀರಿ? ಮಗು ತಿನ್ನೋದು ಅಡುಗೇನಾ, ಮಿಲಿಗ್ರಾಮಾ?" ಅಂತ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಮುದ್ದೆ, ಬಸ್ಸಾರು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಪುಳಿಯೋಗರೆ, ಚಿತ್ರಾನ್ನ, ಇಡ್ಲಿ, ಕಾಯಿಹಾಲಿನ ಗಸಗಸೆ ಪಾಯಸ, ಸಂಕ್ರಾಂತಿಯ ಎಳ್ಳುಬೆಲ್ಲ. ಒಂದರಲ್ಲೂ ಹಾಲಿಲ್ಲ! ಪುಟ್ಟ ನೋಟ್‌ಬುಕ್ಕಿನ ಎರಡು ಪುಟ ತುಂಬಿತು.

ಉಳಿದದ್ದು ಮೊಸರನ್ನ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ನಾನು ಎರಡು ಸೇರು ಕಡಲೆಕಾಯಿ ತಂದಿದ್ದೆ. ಅದರಿಂದ ಮೊಸರು ಮಾಡಬಹುದು, ಆದರೆ ಹೆಪ್ಪಿಗೆ ಏನು ಹಾಕಬೇಕೋ ಅಂದಳು ಪುಟ್ಟಿ. "ಹೆಪ್ಪು ಇಲ್ಲದಾಗ ನಮ್ಮಮ್ಮ ಹಸಿಮೆಣಸಿನಕಾಯಿ ತೊಟ್ಟು ಹಾಕ್ತಿದ್ದರು" ಅಂದಳು ಅಜ್ಜಿ, ಯಾರಿಗೋ ಹೇಳಿದ ಹಾಗೆ.

ಬೀಜ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಸೋಸಿ, ಕುದಿಸಿ, ತೊಟ್ಟು ಹಾಕಿ ಮುಚ್ಚಿಟ್ಟಳು. ಬೆಳಗ್ಗೆ ನೋಡಿದರೆ ನೀರು ಬೇರೆ, ಗಸಿ ಬೇರೆ, ಕೆಟ್ಟ ವಾಸನೆ. "ಬಿಸಿ ಹೆಚ್ಚಾಗಿತ್ತು" ಅಂತ ಚೆಲ್ಲಿದಳು. ಎರಡನೇ ಸಲ ಉಗುರುಬೆಚ್ಚಗಾಗುವ ತನಕ ಕಾದು ಹಾಕಿದಳು. ಮೆತ್ತಗೆ ಹೆಪ್ಪುಗಟ್ಟಿತು. (ಕಡಲೆಕಾಯಿ ಒಗ್ಗದವರು ಇದನ್ನು ಮಾಡಲೇಬೇಡಿ.)

ಆ ರಾತ್ರಿ ಅನ್ನ ಕಲಸಿ, ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿದಳು. ಪುಟ್ಟಿ ಕೇಳದೆಯೇ ಬಾಯಿ ತೆರೆದಳು. ಸ್ವಲ್ಪ ಕಡಲೆಕಾಯಿ ವಾಸನೆ ಬರುತ್ತದೆ ಅಂತ ನಾನು ಅಂದರೆ ಇಬ್ಬರೂ ನನ್ನನ್ನೇ ಗದರಿದರು.

ಈಗ ಅಂಗಡಿಗೆ ಹೋದರೆ ಪುಟ್ಟಿ ಬಿಸ್ಕತ್ ಪೊಟ್ಟಣ ತಿರುಗಿಸಿ ಓದುತ್ತಾಳೆ. ಹಸಿರು ಚುಕ್ಕಿ ಇದ್ದರೂ ಒಳಗೆ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ 2022ರಲ್ಲಿ ಸರ್ಕಾರ ಬೇರೆ ನಿಯಮ ತಂದಿದೆ. ಅದರ ಗುರುತು, ಎಲೆ ಇರುವ ಹಸಿರು 'ವಿ' ಅಕ್ಷರ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಒಟ್ಟಿಗೇ ಬಿ12 ಮಾತ್ರೆ ನುಂಗುತ್ತೇವೆ.

ನಾನು ಹಾಲಿನ ಕಾಫಿ ಬಿಟ್ಟಿಲ್ಲ. ಬಿಡಿ ಅಂತ ಪುಟ್ಟಿ ಹೇಳಿಯೂ ಇಲ್ಲ. ಆದರೆ ಬೆಳಗ್ಗೆ ಪೊಟ್ಟಣ ಹಿಡಿದು ಬರುವಾಗ ಅವಳ ಪ್ರಶ್ನೆ ನೆನಪಾಗುತ್ತದೆ. ನಲವತ್ತು ವರ್ಷದ ಹಿಂದೆ ನಾನು ಕೇಳಬೇಕಿದ್ದ ಪ್ರಶ್ನೆ ಅದು.

ಮಕ್ಕಳೇ, ಈ ವಾರ ನಿಮ್ಮ ಅಜ್ಜಿಯ ಪಕ್ಕ ಕೂತು, ಹಾಲು ಹಾಕದ ಅಡುಗೆ ಎಷ್ಟು ಬರುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಪುಟ ಜಾಸ್ತಿ ಇರುವ ನೋಟ್‌ಬುಕ್ಕನ್ನೇ ತೆಗೆದುಕೊಳ್ಳಿ.