ರೆಕಾರ್ಡರ್ ತುಂಬಿದಾಗ ಅಳಿಸುವುದು ಯಾರದ್ದನ್ನು?

ಮಂಡ್ಯ ತಾಲೂಕಿನ ಕೆರಗೋಡಿನಿಂದ ಓದುಗ ಸಹೋದರಿಯೊಬ್ಬರು ಹೀಗೆ ಬರೆದಿದ್ದಾರೆ:

"ನಮ್ಮ ಟಿ.ವಿ. ಬಾಕ್ಸ್‌ಗೆ 64 ಜಿಬಿಯ ಪೆನ್ ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡುತ್ತೇವೆ. ಈಗ ಏನೇ ರೆಕಾರ್ಡ್ ಮಾಡಲು ಹೋದರೂ ಜಾಗವಿಲ್ಲ ಎಂದು ಬರುತ್ತದೆ. ಅದರಲ್ಲಿ ದೊಡ್ಡ ಮಗಳು ಕೊರೊನಾ ವರ್ಷದಲ್ಲಿ ಹಿಡಿದಿಟ್ಟ ಹತ್ತನೇ ತರಗತಿಯ ಪಾಠಗಳಿವೆ. ಚಿಕ್ಕವಳು ಈಗ ಹತ್ತನೇ ತರಗತಿ. ಅತ್ತೆಯವರ ಧಾರಾವಾಹಿ ಇದೆ. ನಮ್ಮ ಅಬ್ಬಾ ಚಂದನದ ಕೃಷಿ ದರ್ಶನದಲ್ಲಿ ಕಬ್ಬಿನ ಬಗ್ಗೆ ಮಾತನಾಡಿದ್ದು ಕೆಲವು ನಿಮಿಷ ಇದೆ. ಅಬ್ಬಾ ತೀರಿಕೊಂಡು ಎರಡು ವರ್ಷವಾಯಿತು. ಮಗ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಅಂಗಡಿಯವರು ಹೊಸ ಬಾಕ್ಸ್ ತೆಗೆದುಕೊಳ್ಳಿ ಎನ್ನುತ್ತಾರೆ. ಏನು ಮಾಡಲಿ?"

ಸಹೋದರಿ, ಮೊದಲನೆಯ ಮಾತು: ಸದ್ಯಕ್ಕೆ ಫಾರ್ಮ್ಯಾಟ್ ಬೇಡ, ಹೊಸ ಬಾಕ್ಸೂ ಬೇಡ. ಫಾರ್ಮ್ಯಾಟ್ ಎಂದರೆ ಕಸ ಗುಡಿಸುವುದಲ್ಲ, ಮನೆಯನ್ನೇ ಖಾಲಿ ಮಾಡುವುದು. ಅಬ್ಬಾ ಅವರ ಮಾತೂ ಅದರ ಜೊತೆಗೆ ಹೋಗುತ್ತದೆ. ಇದನ್ನು ಮಗನಿಗೆ ಇವತ್ತೇ ತಿಳಿಸಿ.

ಜಾಗ ಹೋಗುವುದು ಎಲ್ಲಿಗೆ?

ಮನೆಗಳಲ್ಲಿರುವ ರೆಕಾರ್ಡರ್‌ಗಳು ಎರಡು ಬಗೆ. ಕೆಲವು ಬಾಕ್ಸ್‌ಗಳ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ. 2008ರಲ್ಲಿ ಬಂದ ಟಾಟಾ ಸ್ಕೈ ಪ್ಲಸ್ ಅಂಥದ್ದು (2022ರಿಂದ ಆ ಸಂಸ್ಥೆಯ ಹೆಸರು ಟಾಟಾ ಪ್ಲೇ). ಇನ್ನು ಕೆಲವಕ್ಕೆ ನಿಮ್ಮದರಂತೆ ಪೆನ್ ಡ್ರೈವನ್ನು ನಾವೇ ಸಿಕ್ಕಿಸಬೇಕು. ದೂರದರ್ಶನದ ಉಚಿತ ಡಿಶ್ ನೋಡುವ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ.

ಸಾಮಾನ್ಯ ಚಾನೆಲ್‌ನ ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು ಒಂದೂವರೆಯಿಂದ ಎರಡು ಜಿಬಿ ಜಾಗ ಬೇಕು. ಎಚ್‌ಡಿ ಚಾನೆಲ್ ಆದರೆ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 64 ಜಿಬಿ ಎಂದು ಬರೆದಿರುವ ಪೆನ್ ಡ್ರೈವ್ ತೆರೆದಾಗ ಸುಮಾರು 59 ಜಿಬಿ ಎಂದು ತೋರಿಸುತ್ತದೆ. ಅದು ಮೋಸವಲ್ಲ, ಲೆಕ್ಕ ಹಾಕುವ ಕ್ರಮ ಬೇರೆ. ಅಂದರೆ ನಿಮ್ಮದರಲ್ಲಿ ಮೂವತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ.

ಈಗ ಧಾರಾವಾಹಿಯ ಲೆಕ್ಕ ನೋಡಿ. ದಿನಕ್ಕೆ ಅರ್ಧ ಗಂಟೆ ಎಂದರೆ ಒಂದು ಜಿಬಿಗೆ ಸ್ವಲ್ಪ ಕಡಿಮೆ. ತಿಂಗಳಿಗೆ 26 ಕಂತಾದರೆ ಇಪ್ಪತ್ತು ಜಿಬಿ ದಾಟುತ್ತದೆ. ಟೈಮರ್‌ನಲ್ಲಿ ಒಮ್ಮೆ 'ಪ್ರತಿದಿನ' ಎಂದು ಇಟ್ಟುಬಿಟ್ಟರೆ ನಾವು ಮರೆತರೂ ಬಾಕ್ಸ್ ಮರೆಯುವುದಿಲ್ಲ. ಮಗ್ರಿಬ್ ಹೊತ್ತಿಗೆ ತಪ್ಪುವ ಕಂತನ್ನು ಆಮೇಲೆ ನೋಡೋಣವೆಂದು ಹಾಕಿರುತ್ತೇವೆ, ನೋಡಿದ ಮೇಲೆ ಅಳಿಸುವುದಿಲ್ಲ. ನೇರ ಪ್ರಸಾರವನ್ನು ನಿಲ್ಲಿಸಿ ಮುಂದುವರಿಸುವ ಸೌಲಭ್ಯವಿದ್ದರೆ ಅದಕ್ಕೂ ಬಾಕ್ಸ್ ಒಂದಷ್ಟು ಜಾಗ ಎತ್ತಿಟ್ಟುಕೊಂಡಿರುತ್ತದೆ.

ಆದ್ದರಿಂದ ಮೊದಲು ಟೈಮರ್ ಪಟ್ಟಿ ತೆರೆದು ಬೇಡದ್ದನ್ನು ತೆಗೆಯಿರಿ. ಆಮೇಲೆ ರೆಕಾರ್ಡಿಂಗ್ ಪಟ್ಟಿಗೆ ಹೋಗಿ, ನೋಡಿ ಮುಗಿಸಿದ ಕಂತುಗಳನ್ನು ಒಂದೊಂದಾಗಿ ಅಳಿಸಿ. ಹೆಚ್ಚಿನ ಮನೆಗಳಲ್ಲಿ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಜಾಗವಿದ್ದರೂ ರೆಕಾರ್ಡ್ ಆಗದಿದ್ದರೆ

ಉದ್ದನೆಯ ಕಾರ್ಯಕ್ರಮ ಪ್ರತಿ ಸಲವೂ ಹೆಚ್ಚುಕಡಿಮೆ ಎರಡು ಗಂಟೆಗೆ ಬಂದು ನಿಂತುಹೋಗುತ್ತದೆಯೇ? ಹಾಗಾದರೆ ಪೆನ್ ಡ್ರೈವ್ ಕೆಟ್ಟಿಲ್ಲ. ಫ್ಯಾಟ್32 ಎಂಬ ಕ್ರಮದಲ್ಲಿ ಸಿದ್ಧವಾದ ಡ್ರೈವ್‌ನಲ್ಲಿ ಒಂದೇ ಫೈಲ್ 4 ಜಿಬಿ ಮೀರುವಂತಿಲ್ಲ. ಕೆಲವು ಬಾಕ್ಸ್‌ಗಳು ತಾವೇ ತುಂಡು ಮಾಡಿ ಮುಂದುವರಿಸುತ್ತವೆ, ಕೆಲವು ಅಲ್ಲಿಗೇ ನಿಲ್ಲುತ್ತವೆ. ಟೈಮರ್‌ನಲ್ಲಿ ಒಂದೂವರೆ ಗಂಟೆಗೊಂದರಂತೆ ಎರಡು ಭಾಗ ಮಾಡಿ ಇಟ್ಟರೆ ಸಾಕು.

ರಾತ್ರಿ ಮಲಗುವಾಗ ಪ್ಲಗ್ಗಿನ ಸ್ವಿಚ್ ಆರಿಸುವ ಒಳ್ಳೆಯ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಆದರೆ ಬಾಕ್ಸ್‌ಗೆ ಕರೆಂಟೇ ಇಲ್ಲದಿದ್ದರೆ ಬೆಳಗಿನ ಟೈಮರ್ ಕೆಲಸ ಮಾಡುವುದಿಲ್ಲ. ರೆಕಾರ್ಡಿಂಗ್ ಇರುವ ದಿನ ರಿಮೋಟಿನಿಂದ ಮಾತ್ರ ಆಫ್ ಮಾಡಿ. ರೆಕಾರ್ಡ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಆ ಫೈಲ್ ಅರ್ಧಕ್ಕೆ ಕೆಡುತ್ತದೆ, ಕೆಲವೊಮ್ಮೆ ಡ್ರೈವ್‌ನ ಪಟ್ಟಿಯೇ ಕಲೆಸಿಹೋಗುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ ಬೇಕಾದ ಪೆನ್ ಡ್ರೈವನ್ನು ಸದಾ ಸಿಕ್ಕಿಸಿಡದೆ, ನಿತ್ಯದ ಕೆಲಸಕ್ಕೆ ಬೇರೊಂದನ್ನು ಇಡುವುದು ಕ್ಷೇಮ. ತೆಗೆಯುವಾಗ ರೆಕಾರ್ಡಿಂಗ್ ನಿಲ್ಲಿಸಿ, ಬಾಕ್ಸ್ ಆಫ್ ಮಾಡಿ, ಆಮೇಲೆ ತೆಗೆಯಿರಿ.

ಪೆನ್ ಡ್ರೈವ್ ಬದಲು ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ ಬಾಕ್ಸ್ ಗುರುತಿಸದಿದ್ದರೆ, ಬಾಕ್ಸ್‌ನ ಕಿಂಡಿಯಿಂದ ಸಿಗುವ ಕರೆಂಟ್ ಅದಕ್ಕೆ ಸಾಲದೆ ಇರಬಹುದು. ಪ್ರತ್ಯೇಕ ಅಡಾಪ್ಟರ್ ಇರುವ ಡಿಸ್ಕ್ ಆದರೆ ಈ ತಕರಾರಿಲ್ಲ.

ತೀರಾ ಕಡಿಮೆ ಬೆಲೆಗೆ ಸಿಗುವ ಪೆನ್ ಡ್ರೈವ್‌ಗಳ ಬಗ್ಗೆ ಎಚ್ಚರ. ಮೇಲೆ 128 ಎಂದು ಬರೆದಿದ್ದರೂ ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿಗಳಿವೆ. ಅವು ತುಂಬಿದಂತೆ ತೋರಿಸುತ್ತವೆ, ಆಮೇಲೆ ತೆರೆದರೆ ಏನೂ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿಸಿ, ಕೊನೆಯಲ್ಲಿ ಹಾಕಿದ ಫೈಲ್ ತೆರೆಯುತ್ತದೆಯೇ ಎಂದು ನೋಡಿದರೆ ಅಸಲು ನಕಲು ತಿಳಿಯುತ್ತದೆ.

ರೆಕಾರ್ಡಿಂಗ್‌ನಲ್ಲಿ ಚಿತ್ರ ಒಡೆಯುತ್ತಿದ್ದರೆ, ನೇರ ಪ್ರಸಾರದಲ್ಲೂ ಒಡೆಯುತ್ತದೆಯೇ ಗಮನಿಸಿ. ಒಡೆಯುತ್ತಿದ್ದರೆ ದೋಷ ಡಿಶ್ಶಿನದು ಅಥವಾ ತಂತಿಯದು. ನೇರ ಪ್ರಸಾರ ಚೆನ್ನಾಗಿದ್ದು ರೆಕಾರ್ಡಿಂಗ್ ಮಾತ್ರ ಒಂದೇ ಜಾಗದಲ್ಲಿ ತಡವರಿಸಿದರೆ, ಒಳಗಿನ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡಿದರೆ, ಅದರ ಆಯುಷ್ಯ ಮುಗಿಯುತ್ತಿದೆ ಎಂದು ತಿಳಿಯಿರಿ. ಬಾಕ್ಸ್ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಡುವುದನ್ನು ಬಿಡಿ. ಬಿಸಿ ಹೊರಹೋಗಲು ದಾರಿ ಬೇಕು.

ಹೊಸ ಬಾಕ್ಸ್ ತರುವ ಮುನ್ನ

ಹಣ ಕಟ್ಟಿ ನೋಡುವ ಡಿಟಿಎಚ್ ಬಾಕ್ಸ್‌ಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಅದೇ ಬಾಕ್ಸ್‌ಗೆ ಬೀಗ ಹಾಕಿದಂತೆ ಇರುತ್ತದೆ. ಪೆನ್ ಡ್ರೈವ್ ನಿಮ್ಮದೇ ಆದರೂ ಬೇರೆ ಬಾಕ್ಸ್‌ನಲ್ಲಿ, ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಉಚಿತ ಡಿಶ್ಶಿನ ಅನೇಕ ಬಾಕ್ಸ್‌ಗಳಲ್ಲಿ ಈ ಬೀಗ ಇಲ್ಲ. ನಿಮ್ಮದು ಯಾವುದೆಂದು ತಿಳಿಯಲು ಪೆನ್ ಡ್ರೈವನ್ನು ಕಂಪ್ಯೂಟರಿಗೆ ಹಾಕಿ ಒಂದು ಫೈಲ್ ತೆರೆದು ನೋಡಿ. ಕಂಪ್ಯೂಟರ್ ತಾನಾಗಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ 'ಬೇಡ' ಎನ್ನಿ.

ತೆರೆದರೆ ಅಬ್ಬಾ ಅವರ ಕಾರ್ಯಕ್ರಮವನ್ನು ಮೊದಲು ಎರಡು ಕಡೆ ನಕಲು ಮಾಡಿಡಿ. ತೆರೆಯದಿದ್ದರೆ ಈಗಿನ ಬಾಕ್ಸ್ ಇರುವಾಗಲೇ ಟಿ.ವಿ.ಯಲ್ಲಿ ಹಾಕಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಕೋಣೆ ಕತ್ತಲಾಗಿರಲಿ, ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಅಡ್ಡವಾಗಿ ಪುಸ್ತಕಗಳಿಗೆ ಒರಗಿಸಿಡಿ. ಚಿತ್ರ ಸ್ವಲ್ಪ ಮಂಕಾಗಬಹುದು, ಆದರೆ ದನಿ ಉಳಿಯುತ್ತದೆ. ಅದನ್ನು ಒಡಹುಟ್ಟಿದವರಿಗೂ ಕಳುಹಿಸಿ. ನಾಲ್ಕು ಮನೆಯಲ್ಲಿದ್ದದ್ದು ಒಂದೇ ದಿನ ಕಳೆದುಹೋಗುವುದಿಲ್ಲ.

ಯಾವುದು ಮೊದಲು ಹೋಗಬೇಕು?

ಜಾಗ ತುಂಬಿದಾಗ ಮನೆಗಳಲ್ಲಿ ಮೊದಲು ಅಳಿಯುವುದು ತಾಯಿಯದು. "ಅಡುಗೆ ಕಾರ್ಯಕ್ರಮ ತಾನೇ, ಮತ್ತೆ ಬರುತ್ತದೆ" ಎಂದು ಮಕ್ಕಳು ತೆಗೆದುಬಿಡುತ್ತಾರೆ. ತಾಯಿಯೂ ಸುಮ್ಮನಾಗುತ್ತಾಳೆ. ಯಾರದ್ದು ಎಂದು ನೋಡುವ ಬದಲು, ಮತ್ತೆ ಸಿಗುತ್ತದೆಯೇ ಎಂದು ನೋಡುವುದು ನ್ಯಾಯ.

ದೊಡ್ಡ ಮಗಳ ಪಾಠಗಳು ಬಹುಶಃ 2020ರ ಜುಲೈ 20ರಂದು ಚಂದನದಲ್ಲಿ ಆರಂಭವಾದ ಶಿಕ್ಷಣ ಇಲಾಖೆಯ 'ಸಂವೇದ' ಪಾಠಗಳಿರಬೇಕು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗಾಗಿ ಬಂದ ಆ ಪಾಠಗಳು ಯೂಟ್ಯೂಬಿನಲ್ಲೂ ಇವೆ. ಅಲ್ಲದೆ ಕನ್ನಡ ಮತ್ತು ಸಮಾಜ ವಿಜ್ಞಾನದ ಪುಸ್ತಕಗಳು 2022 ಮತ್ತು 2023ರಲ್ಲಿ ಪರಿಷ್ಕರಣೆಗೊಂಡಿವೆ. ಚಿಕ್ಕ ಮಗಳು ತನ್ನ ಪುಸ್ತಕ ಮುಂದಿಟ್ಟುಕೊಂಡು ನೋಡಿ, ಹೊಂದದ ಪಾಠಗಳನ್ನು ತಾನೇ ತೆಗೆಯಲಿ. ಧಾರಾವಾಹಿಯ ಕಂತುಗಳನ್ನು ಅತ್ತೆಯವರನ್ನು ಕೇಳಿಯೇ ಅಳಿಸಿ. ಹತ್ತಿರ ಕುಳಿತು ಕೇಳಿದರೆ ಅವರೇ "ಇದು ನೋಡಿಯಾಯ್ತಮ್ಮ, ತೆಗೆದುಬಿಡು" ಎನ್ನುತ್ತಾರೆ.

ಹಿಂದೆ ವಿಡಿಯೊ ಕ್ಯಾಸೆಟ್ಟಿನ ಬೆನ್ನಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಹಲ್ಲೊಂದು ಇರುತ್ತಿತ್ತು. ಮದುವೆಯ ಕ್ಯಾಸೆಟ್ ಆದರೆ ಅದನ್ನು ಮುರಿದಿಡುತ್ತಿದ್ದರು, ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಿರಲಿ ಎಂದು. ಈಗಿನ ಬಾಕ್ಸ್‌ಗಳಲ್ಲಿ ಅನೇಕಕ್ಕೆ 'ಲಾಕ್' ಇದೆ. ಉಳಿಯಬೇಕಾದದ್ದಕ್ಕೆ ಅದನ್ನು ಹಾಕಿ. ಆದರೆ ಫಾರ್ಮ್ಯಾಟ್ ಮುಂದೆ ಆ ಲಾಕ್ ಕೂಡ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಬೇಕಾದದ್ದೆಲ್ಲ ಬೇರೆಡೆ ಸೇರಿದ ಮೇಲೆ, ಒಮ್ಮೆ ತೆರೆದು ನೋಡಿ ಖಾತ್ರಿಯಾದ ಮೇಲೆ, ಬೇಕಿದ್ದರೆ ಮಗ ಫಾರ್ಮ್ಯಾಟ್ ಬಟನ್ ಒತ್ತಲಿ.