ನೋಡಿಕೊಳ್ಳುವವರಿಗೂ ಒಂದು ರಜೆ ಬೇಕು

ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ನಮ್ಮ ಮಡಕಶಿರಾ ಸೀಮೆಯ ರೈತನಿಗೆ ಸರಿಯಾದ ನಿದ್ದೆ ಇರುವುದಿಲ್ಲ. ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಆದರೂ ಸಹಿಸುತ್ತೇವೆ. ಹಣ್ಣುಹುಳು ಚಂದ್ರಿಕೆ ಹತ್ತಿದ ಮೇಲೆ ಕಾಲು ಚಾಚಿ ಮಲಗಬಹುದೆಂಬ ಧೈರ್ಯ ಇರುತ್ತದೆ. ನಮ್ಮ ಅತ್ತಿಗೆಗೆ ಇಪ್ಪತ್ತಾರು ವರ್ಷದಿಂದ ಆ ಚಂದ್ರಿಕೆಯ ದಿನವೇ ಬಂದಿಲ್ಲ.

ಅವರ ಮಗನಿಗೆ ಹುಟ್ಟಿದಾಗಿನಿಂದ ಬುದ್ಧಿ ಬೆಳವಣಿಗೆ ಕಮ್ಮಿ. ಸ್ನಾನ, ಊಟ, ಬಟ್ಟೆ ಎಲ್ಲಕ್ಕೂ ತಾಯಿಯೇ ಬೇಕು. ರಾತ್ರಿ ಎದ್ದು ಹೊರಟುಬಿಡುತ್ತಾನೆಂದು ಅವರು ಬಾಗಿಲಿಗೆ ಅಡ್ಡವಾಗಿಯೇ ಮಲಗುತ್ತಾರೆ. ಒಂದು ಯುಗಾದಿ ಕವಿಗೋಷ್ಠಿಯಲ್ಲಿ ನಾನು ಅವರನ್ನು ಭೂತಾಯಿಗೆ ಹೋಲಿಸಿ ತೆಲುಗಿನಲ್ಲೂ ಕನ್ನಡದಲ್ಲೂ ಪದ್ಯ ಓದಿ, ಶಾಲು ಹೊದಿಸಿಕೊಂಡು ಬಂದೆ. ಅತ್ತಿಗೆ ಅಂದದ್ದು ಇಷ್ಟೇ: "ಪದ್ಯ ಚೆನ್ನಾಗೈತೆ ಕಣಪ್ಪ. ಆದ್ರೆ ನಂಗೆ ಬೇಕಾಗಿರೋದು ಒಂದು ರಾತ್ರಿ ನಿದ್ದೆ." ನಾಚಿಕೆಯಾಯಿತು. ಕೈ ಹಚ್ಚದವರು ಬಾಯಿತುಂಬ ಹೊಗಳಿ ತಪ್ಪಿಸಿಕೊಳ್ಳುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಈಗ ವಾರಕ್ಕೆ ಎರಡು ರಾತ್ರಿ ಆ ಬಾಗಿಲಲ್ಲಿ ನಾನು ಮಲಗುತ್ತೇನೆ.

ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ. ಸಿಟ್ಟಿನಲ್ಲಿ ಒಂದು ಏಟು ಬೀಳುತ್ತದೆ, ಆಮೇಲೆ ಬಚ್ಚಲಲ್ಲಿ ನಿಂತು ಅಳು. ವಸತಿ ಕೇಂದ್ರಗಳ ಆಯಾಗಳ ಪಾಡೂ ಬೇರೆಯಲ್ಲ. ಕೈತುಂಬ ಮಕ್ಕಳು, ಕಮ್ಮಿ ಸಂಬಳ, ರಾತ್ರಿ ಪಾಳಿಗೆ ಒಬ್ಬಳೇ ಆದರೆ ಎಂಥವಳೂ ಸೋಲುತ್ತಾಳೆ. ಅದು ಅವಳ ದುರ್ಗುಣವಲ್ಲ, ಕೆಲಸ ಹಂಚಿದ ರೀತಿಯ ದೋಷ. ಸೋಮವಾರ ಎತ್ತಿಗೆ ನೊಗ ಕಟ್ಟದ ನಾವು ಮನುಷ್ಯರಿಗೆ ಒಂದು ದಿನ ಬಿಡುವು ಕೊಡಲಾರೆವೇ?

ದಾರಿಗಳಿಲ್ಲದೆ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಹದಿನೆಂಟು ತುಂಬಿದ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ಗೊತ್ತು ಮಾಡಲು ಕಲೆಕ್ಟರ್ ಇರುವ ಜಿಲ್ಲಾ ಸಮಿತಿ ಉಂಟು. "ನಾನು ಹೋದ ಮೇಲೆ ಇವನ ಗತಿಯೇನು" ಎಂಬ ಚಿಂತೆ ಅಷ್ಟಾದರೂ ಇಳಿಯುತ್ತದೆ. ಅದರದೇ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಒದಗುತ್ತದೆ. ಮನಸ್ಸು ಕುಸಿದವರು 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಹಗಲೂ ರಾತ್ರಿ ಉಂಟು, ಖರ್ಚಿಲ್ಲ, ಕನ್ನಡವೂ ನಡೆಯುತ್ತದೆ, ತೆಲುಗೂ ನಡೆಯುತ್ತದೆ.

ಗಡಿಯವರಾದ ನಮಗೆ ಇನ್ನೆರಡು ಮಾತು. 2016ರ ಕಾಯ್ದೆ ಪ್ರಕಾರ ಅಂಗವೈಕಲ್ಯದ ಸರ್ಟಿಫಿಕೇಟು ದೇಶಕ್ಕೆಲ್ಲ ಸಲ್ಲುತ್ತದೆ. ಆಂಧ್ರದ್ದೆಂದು ತುಮಕೂರಲ್ಲೋ ಬೆಂಗಳೂರಲ್ಲೋ ಯಾರಾದರೂ ತಳ್ಳಿಹಾಕಿದರೆ ಕೇಳಿ. ಮನೇಲಿ ಕನ್ನಡ ಆಡುವ ಮಗುವನ್ನು ತೆಲುಗಿನಲ್ಲಷ್ಟೇ ಪ್ರಶ್ನೆ ಕೇಳಿ ಬುದ್ಧಿ ಅಳೆಯುವುದು ನ್ಯಾಯವಲ್ಲ. ಜೊತೆಗೆ ಹೋಗಿ, ಅದರ ಮಾತಿನಲ್ಲೇ ಕೇಳಿಸಿ.

ವ್ಯಾಪಾರಸ್ಥ ಬಂಧುಗಳೇ, ಮಕ್ಕಳ ಹುಟ್ಟುಹಬ್ಬಕ್ಕೆ ಇಂಥ ಕೇಂದ್ರಗಳಲ್ಲಿ ಹೋಳಿಗೆ ಊಟ ಹಾಕಿಸುತ್ತೀರಿ, ಒಳ್ಳೇದು. ಈ ಸಾರಿ ಬದಲಿ ಆಯಾ ಒಬ್ಬಳ ಒಂದು ತಿಂಗಳ ಸಂಬಳ ಕೊಟ್ಟು ನೋಡಿ. ರೈತರೇ, ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರುತ್ತದೆ. ಇವತ್ತು ಸಂಜೆ ಹೋಗಿ, "ಅಕ್ಕಾ, ಎರಡು ಗಂಟೆ ನಾನಿರ್ತೀನಿ, ನೀನು ಮಲಗು" ಅನ್ನಿ.