ಸಂತೆಯ ಮರುದಿನದ ಪಾಠ

ರಾಜ್ಯದ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ನೋಡಲು ಚೆಂದ. ಕೊತ್ತಂಬರಿ ಕಟ್ಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ ಹುಡುಗಿ ಹತ್ತು ರೂಪಾಯಿಗಿಂತ ಒಂದು ಪೈಸೆಯೂ ಇಳಿಸುವುದಿಲ್ಲ. ಚೌಕಾಸಿಯಲ್ಲಿ ಮೇಷ್ಟರೇ ಸೋಲುತ್ತಾರೆ. ಮರುದಿನ ಅದೇ ಹುಡುಗಿ ಸಮಾಜ ವಿಜ್ಞಾನದ ತರಗತಿಯಲ್ಲಿ ಬೇಡಿಕೆ ಎಂದರೇನು ಎಂಬುದಕ್ಕೆ ಉರು ಹೊಡೆದ ಎರಡು ಸಾಲು ಒಪ್ಪಿಸುತ್ತಾಳೆ. ಸಂತೆಗೂ ಪಾಠಕ್ಕೂ ನಂಟೇ ಇಲ್ಲ. ಆದರೆ ಹಳ್ಳಿಯ ಬದುಕಿನಿಂದಲೇ ಪಾಠ ಕಟ್ಟಬಹುದು.

ಎನ್‌ಸಿಇಆರ್‌ಟಿಯ 9ನೇ ತರಗತಿಯ ಅರ್ಥಶಾಸ್ತ್ರ ಪುಸ್ತಕದಲ್ಲಿ ಬಂದ ಪಾಲಂಪುರ ಕಲ್ಪಿತ ಹಳ್ಳಿ. ಆದರೆ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ನಿಜ ಹಳ್ಳಿಯೊಂದರ ಅಧ್ಯಯನ ಅದರ ಬೆನ್ನಿಗಿದೆ. ಪುಸ್ತಕದ ಪ್ರಕಾರ ಪಾಲಂಪುರದ ಕೃಷಿ ಕೂಲಿ ಡಾಲಾನಿಗೆ ಸಿಗಬೇಕಾಗಿದ್ದ ಕನಿಷ್ಠ ದಿನಗೂಲಿ 300 ರೂಪಾಯಿ, ಸಿಗುತ್ತಿದ್ದುದು 160. ಏಕೆ?

ಸಂತೆಯ ಮರುದಿನ ನಮ್ಮಲ್ಲೂ ಇಂಥದ್ದೇ ಪ್ರಶ್ನೆ ಏಳಬೇಕು. ಆ ಕೊತ್ತಂಬರಿ ಕಿತ್ತವರಿಗೆ ಎಷ್ಟು ಸಿಕ್ಕಿತು? ಶಿಕ್ಷಕರು ಇದಕ್ಕೊಂದು ಪೀರಿಯಡ್ ಮೀಸಲಿಡಲಿ.